ಚೆನ್ನಕ್ಕನ ಕತೆ ಹೇಳಿದವರು

ನಮ್ಮ ಟೀಚರಮ್ಮನ ಹುಬ್ಬಿನಲ್ಲಿ ಸದಾ ಬಿಳಿ ಧೂಳು. ಗಾಳಿ ಬೀಸಿದರೆ, ಚಿನ್ನ ತೆಗೆದು ಸುರಿದ ಸೈನೈಡ್ ದಿಬ್ಬದ ಪುಡಿ ನಂದಿದುರ್ಗ ಗಣಿಯ ಕೂಲಿಗಳ ಲೈನುಮನೆಗಳ ಅನ್ನದ ತಟ್ಟೆಗೂ ಬೀಳುತ್ತಿತ್ತು. ಬೇರೆಯವರು ಒರೆಸಿಕೊಳ್ಳುತ್ತಿದ್ದರು, ಇವರಿಗೆ ಪುರುಸೊತ್ತಿಲ್ಲ. ಕೂತು ಪಾಠ ಮಾಡಿದ್ದನ್ನು ನಾನು ಕಾಣೆ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. "ನಾನು ಕೂತ್ರೆ ಕತೇನೂ ಕೂತ್ಬಿಡ್ತದೆ ಕಣ್ಣೂ" ಅನ್ನುತ್ತಿದ್ದರು. ಕಣ್ಣು ಎನ್ನುವುದು ಅವರ ಮನೆಯ ತಮಿಳಿನ ಮುದ್ದು.

ಗಣಿಯಲ್ಲಿ ಬಂಡೆ ಸಿಡಿದು ಅಪ್ಪ ಹೋದಾಗ ನನಗೆ ಒಂಬತ್ತು. ಅಮ್ಮ ಮೊದಲೇ ಇರಲಿಲ್ಲ. ಬೂದಿಕೋಟೆಯಿಂದ ಸೋದರಮಾವ ಬರುವವರೆಗೆ ಟೀಚರಮ್ಮ ನನ್ನನ್ನು ಮನೆಯಲ್ಲಿಟ್ಟುಕೊಂಡರು. ಅವರ ಒಬ್ಬಳೇ ಮಗಳು ಜ್ವರದಲ್ಲಿ ತೀರಿಕೊಂಡು ವರ್ಷ ತುಂಬಿರಲಿಲ್ಲ. ಅವಳ ಲಂಗ ನನಗೆ ಅಳೆದು ಹೊಲಿದಂತೆ ಬಂತು. ಬಿಸಿ ಮುದ್ದೆ, ಒಣಗಿದ ಚಾಪೆ, ತಲೆಗೆ ಎಣ್ಣೆ, ದೇವರು ಅಷ್ಟನ್ನು ಕೊಟ್ಟ. ಆದರೂ ಎತ್ತಿನಗಾಡಿಯ ಸದ್ದಾದರೆ ಮಾವ ಬಂದನೇನೋ ಎಂದು ಇಬ್ಬರೂ ಕಿಟಕಿಗೆ ಓಡುತ್ತಿದ್ದೆವು.

ಆ ದಿನಗಳಲ್ಲೇ ಅವರು ಅಮೆರಿಕದ ಕತೆ ಹೇಳಿದ್ದು. ಅಲ್ಲಿ ಸೆನೆಕ ಎಂಬ ಜನ. ಬಿಳಿಯರು ಅವರನ್ನು ಇಂಡಿಯನ್ನರು ಅನ್ನುತ್ತಿದ್ದರಂತೆ.

"ಅಂಗಾರೆ ನಮ್ಮೋರಾ? ಬಂಗಾರಪೇಟೆ ಟೇಸನ್ನಿಗೆ ಬತ್ತಾರಾ?" ಅಂದೆ. ಕೆಮ್ಮು ಬರುವಷ್ಟು ನಕ್ಕರು.

ಯುದ್ಧಕಾಲದಲ್ಲಿ ಸೆರೆಸಿಕ್ಕ ಒಬ್ಬ ಬಿಳಿ ಹುಡುಗಿಯನ್ನು ಇಬ್ಬರು ಸೆನೆಕ ಅಕ್ಕತಂಗಿಯರು ತಮ್ಮ ಸತ್ತ ಒಡಹುಟ್ಟಿದವನ ಜಾಗಕ್ಕೆಂದು ಮನೆ ತುಂಬಿಸಿಕೊಂಡರಂತೆ. ಅದು ಅವರ ಪದ್ಧತಿ. ನನ್ನ ಕಿವಿಗೆ ಸೆನೆಕ ಎಂಬುದು ಚೆನ್ನಕ್ಕ ಎಂದೇ ಬಿತ್ತು. ಹುಡುಗಿಯ ಹೆಸರೇ ಅದೆಂದುಕೊಂಡೆ.

"ಚೆನ್ನಕ್ಕ ಆಮೇಲೆ ಅವ್ರೂರಿಗೆ ಓದ್ಲಾ?"

"ಬೇಕಾದ್ರೆ ಹೋಗಮ್ಮ ಅಂತ ಅವಳನ್ನೇ ಕೇಳಿದ್ರು. ಇಲ್ಲೇ ಇರ್ತೀನಿ ಅಂದ್ಲು" ಎಂದವರು ಕಿಟಕಿಯ ಬಳಿ ನಿಂತೇಬಿಟ್ಟರು.

ಮಾರನೇ ವಾರ ಮಾವ ಬಂದ. "ನಡಿಯಮ್ಮಣ್ಣಿ, ಗಾಡಿ ಕಾಯ್ತಾ ಐತೆ."

"ಮೊದಲು ಅವಳನ್ನ ಕೇಳಪ್ಪ" ಅಂದರು ಟೀಚರಮ್ಮ.

"ಎಣ್ಮಗೂನ ಕೇಳಾದಾ ಟೀಚರಮ್ಮಾ? ಆಲು ಕರೆಯಾಕೆ ಎಮ್ಮೇನ ಕೇಳ್ತೀವಾ?"

"ಕೇಳದಿದ್ರೆ ಒದೀತದಲ್ಲ!"

ಮಾವನಿಗೂ ನಗು ಬಂತು. ನನ್ನೆದುರು ಕುಕ್ಕರಗಾಲಲ್ಲಿ ಕೂತ. "ಏಳವ್ವ, ಬತ್ತೀಯಾ? ನಿನ್ನಜ್ಜಿ ಒಂದೇ ಸಮ ನಿನ್ನೆಸರೇ ಏಳ್ತಾವ್ಳೆ."

ಟೀಚರಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ. "ಅಜ್ಜಿ ತಾವ ಓಗ್ತೀನಿ" ಅಂದೆ.

ನಾನು ಲಂಗ ಬಿಚ್ಚಿಕೊಡಲು ಹೋದರೆ ಟೀಚರಮ್ಮ ಕೈ ಹಿಡಿದರು. "ಇರಲಿ ಕಣ್ಣೂ, ನಿನಗೇ ಸರಿಯಾಗಿದೆ." ಗಾಡಿ ತಿರುವು ದಾಟುವವರೆಗೂ ಕಿಟಕಿಯಲ್ಲಿ ಅವರ ಸೀರೆ ಅತ್ತಿಂದಿತ್ತ ಓಡಾಡುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಅವರು ತೀರಿಹೋದ ಸುದ್ದಿ ನನಗೆ ಮುಟ್ಟುವಾಗ ತಿಥಿಯೂ ಮುಗಿದಿತ್ತು. ಮುಂದೆ ನನ್ನ ಮಗಳಿಗೆ ಗಂಡು ಗೊತ್ತುಮಾಡಿ, ಹಿರಿಯರೆಲ್ಲ ವೀಳ್ಯಕ್ಕೆ ಕೈ ಹಾಕಿದ ಹೊತ್ತಿಗೆ, ಅವರೆದುರು ಎಂದೂ ಬಾಯಿಬಿಡದ ನಾನು ಅಡುಗೆಮನೆ ಬಾಗಿಲಲ್ಲಿ ನಿಂತು, "ಮೊದಲು ಅವಳನ್ನ ಕೇಳಿ" ಅಂದೆ. ಕೇಳಿದರು. ಮಗಳು ಬೇಡವೆಂದಳು. ವೀಳ್ಯ ಹಿಂದಿರುಗಿತು.

ಅವತ್ತು ದೇವರ ದೀಪ ಹಚ್ಚಿ, ಟೀಚರಮ್ಮನನ್ನು ನೆನೆದು ಕೈ ಮುಗಿದೆ. ಕೂರಲಾಗಲಿಲ್ಲ. ಬಾಗಿಲಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ ನಡೆದೆ.