ಹಳಿಯ ಮುಂದೆ ಮಾತಿಲ್ಲ

ವರ್ನಾ ಟೊಲೆಫ್‌ಸನ್ ಶಾಲೆ ಬಸ್ಸಿನ ಸ್ಟೀರಿಂಗ್ ಹಿಡಿದು ಇಪ್ಪತ್ತಾರು ವರ್ಷ. ಉತ್ತರ ಡಕೋಟದ ಆ ಬಯಲಲ್ಲಿ ಅವಳ ಬಸ್ಸು ಹತ್ತದೆ ದೊಡ್ಡವರಾದವರು ಕಡಿಮೆ. ರೈಲು ಹಳಿ ಬಂತೆಂದರೆ ಬಸ್ಸು ನಿಲ್ಲಿಸಿ, ಬಾಗಿಲು ತೆಗೆದು, ಕಿವಿಗೊಡಬೇಕು. ಅದು ಸರ್ಕಾರದ ಕಾನೂನು. ಹಳಿ ದಾಟುವ ತನಕ ಯಾರೂ ತುಟಿ ಪಿಟಕ್ಕೆನ್ನಬಾರದು. ಇದು ವರ್ನಾಳ ಕಾನೂನು. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ; ಕಲಿತ ಗುಣವೇನು ಕಡಿಮೆಯೇ? ಮನೆಯ ವ್ಯಾನಿನಲ್ಲಿ ಹೋಗುವಾಗಲೂ ಹಳಿ ಕಂಡರೆ ನಿಲ್ಲಿಸಿ ಕಿಟಕಿ ಇಳಿಸುತ್ತಿದ್ದಳು.

ಆ ಏಪ್ರಿಲ್‌ನಲ್ಲಿ ಮಗಳು ಮಾರೆನ್‌ಗೆ ಕಾಲೇಜು ತೋರಿಸಲು ಮಿನ್ನೆಸೋಟಕ್ಕೆ ಹೊರಟಾಗಲೂ ಹಾಗೇ ಆಯಿತು. ಆರು ಗಂಟೆ ದಾರಿ. ಹಿಂದಿನ ಸೀಟಿನಲ್ಲಿ ಮಾವ ಹಾಲ್ವರ್, ಎಂಬತ್ತೆರಡರ ಮುದುಕ; ಊರಿನ ವೃದ್ಧಾಶ್ರಮದಿಂದ ಒಂದು ದಿನದ ಬಿಡುಗಡೆ ಪಡೆದು ಬಂದಿದ್ದ.

"ಇಲ್ಲಿ ರೈಲು ಬರೋದು ವಾರಕ್ಕೆರಡು ಸಲ ಕಣಮ್ಮ," ಹಳಿ ದಾಟಿದ ಮೇಲೆ ಅವನು ಗೊಣಗಿದ. "ಹೀಗೇ ನಿಲ್ತಾ ಹೋದ್ರೆ ನಾವು ತಲುಪೋ ಹೊತ್ತಿಗೆ ಇವಳು ಅಜ್ಜಿ ಆಗಿರ್ತಾಳೆ."

"ಸುಮ್ನೆ ಸ್ಯಾಂಡ್‌ವಿಚ್ ತಿನ್ನಿ ಮಾವ," ಅಂದಳು ವರ್ನಾ.

ಮಾರೆನ್ ನಗಲಿಲ್ಲ. ಅಪ್ಪ ಆರ್ಲೆನ್ ಕಳೆದ ಚಳಿಗಾಲದಲ್ಲಿ ಎದೆನೋವೆಂದು ಮಲಗಿದವನು ಮತ್ತೆ ಏಳಲಿಲ್ಲ. ಮನೆಯಲ್ಲಿ ಉಳಿದವರು ಇವರಿಬ್ಬರೇ. ಈ ಕಾಲೇಜು ಸೀಟು ಕೊಟ್ಟಿತ್ತು. ಬರುತ್ತೇನೋ ಇಲ್ಲವೋ ಎಂದು ತಿಳಿಸಲು ಮೇ ಒಂದು ಕೊನೆಯ ದಿನ. ಬೇಡವೆಂದರೆ ಮನೆಯಿಂದಲೇ ಹೋಗಿಬರುವ ಹತ್ತಿರದ ಕಾಲೇಜು ಇದ್ದೇ ಇತ್ತು.

ಕಾಲೇಜಿನಲ್ಲಿ ಒಬ್ಬ ವಿದ್ಯಾರ್ಥಿನಿ ಹಿಮ್ಮುಖವಾಗಿ ನಡೆಯುತ್ತ ಎಲ್ಲರಿಗೂ ಕಟ್ಟಡ ತೋರಿಸಿದಳು. ಮಾರೆನ್‌ಗೆ ಯಾವುದೂ ಹಿಡಿಸಲಿಲ್ಲವಂತೆ. ಹಾಸ್ಟೆಲ್ ಕೋಣೆ ಕಪಾಟಿನಷ್ಟಿದೆಯಂತೆ, ಸೂಪು ಸಪ್ಪೆಯಂತೆ. ವರ್ನಾಳ ಜೀವಕ್ಕೆ ಹಾಯೆನಿಸಿತು. ಹಾಯೆನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಅಭ್ಯಾಸಬಲದಿಂದ ಬಾಗಿಲು ಬಾಗಿಲಿಗೂ ಅವಳು ತಲೆ ಎಣಿಸುತ್ತಿದ್ದಳು. ಹದಿನಾಲ್ಕು. ವಿಜ್ಞಾನದ ಕಟ್ಟಡದಿಂದ ಹೊರಬಂದಾಗ ಹದಿಮೂರು. ಬಸ್ಸಿನಲ್ಲಿ ಮಲಗಿಬಿಟ್ಟ ಮಗುವನ್ನು ಹುಡುಕುವವಳಂತೆ ವಾಪಸು ಓಡಿದಳು. ಪಾಠಕ್ಕೆಂದು ಬಗೆಬಗೆಯ ಕಲ್ಲುಗಳನ್ನು ಇಟ್ಟಿದ್ದ ಕೋಣೆಯಲ್ಲಿ ಮಾರೆನ್ ಒಂದು ಡ್ರಾಯರ್ ತೆಗೆದು ನಿಂತಿದ್ದಳು. ಪಕ್ಕದಲ್ಲಿ ನರೆತ ಕೂದಲಿನ ಮೇಷ್ಟರೊಬ್ಬರು ಏನೋ ಹೇಳುತ್ತಿದ್ದರು. ಮಗಳು ಕೇಳುತ್ತಿದ್ದಳು, ಮರುಪ್ರಶ್ನೆ ಹಾಕುತ್ತಿದ್ದಳು, ಮುಖ ಅರಳಿತ್ತು. ಅಪ್ಪ ಸತ್ತ ಮೇಲೆ ಆ ಮುಖವನ್ನು ವರ್ನಾ ನೋಡಿರಲಿಲ್ಲ. ಸದ್ದು ಮಾಡದೆ ಹೊರಗೆ ಬಂದು ಕಾದಳು.

ವಾಪಸು ಬರುವಾಗ ಮಾರೆನ್ ಕಿಟಕಿಯಾಚೆ ನೋಡುತ್ತ ಅಂದಳು, "ನಂಗೆ ಇಷ್ಟವಾಗ್ಲಿಲ್ಲಮ್ಮ. ಹತ್ರದ್ದೇ ಸಾಕು."

ವರ್ನಾ "ಹ್ಞೂಂ" ಅಂದಳು. ಅಷ್ಟೇ ಅಂದಳು, ಪಾಪಿ. ಅರವತ್ತು ಮೈಲಿ ಆ "ಹ್ಞೂಂ" ಅವಳನ್ನು ಬೆನ್ನಟ್ಟಿ ಬಂತು.

ಸಂಜೆ ಹೊತ್ತಿಗೆ ಹಳಿ ಬಂತು. ನಿಲ್ಲಿಸಿದಳು. ಕಿಟಕಿ ಇಳಿಸಿದಳು. ಮೂವರೂ ಸುಮ್ಮನಾದರು. ರೈಲಿನ ಸುಳಿವಿರಲಿಲ್ಲ.

"ಕಲ್ಲಿನ ಕೋಣೇಲಿ ನಿನ್ನ ಮುಖ ನೋಡ್ದೆ," ಅಂದಳು ವರ್ನಾ.

ಮಾರೆನ್ ಬೆಚ್ಚಿ ತಿರುಗಿದಳು. ಹಳಿಯ ಮುಂದೆ ಅಮ್ಮ ಮಾತಾಡಿದ್ದನ್ನು ಅವಳು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಬೇಡ ಅಂದ್ಯಲ್ಲ, ಸುಳ್ಳು ಅಂತ ಗೊತ್ತಿದ್ದೂ ಖುಷಿಪಟ್ಟೆ. ತಪ್ಪು ನಂದು. ನೀನು ಹೋಗ್ಬೇಕು."

"ರಾತ್ರಿ ಊಟಕ್ಕೆ ಒಬ್ಳೇ ಕೂರ್ತೀಯಲ್ಲಮ್ಮ."

"ಕೂರ್ತೀನಿ. ಮೊದಮೊದ್ಲು ಅಳ್ತೀನಿ. ಆದ್ರೆ ನನಗೋಸ್ಕರ ನೀನು ಎದುರಿಗೆ ಕೂತು, ಆ ಡ್ರಾಯರ್ ನೆನೆಸ್ಕೊಂಡು ಉಣ್ಣೋದು ಬೇಡ."

ಮಾರೆನ್ ತುಂಬ ಹೊತ್ತು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಎರಡೂ ಕಡೆ ನೋಡಿ, "ಹೋಗ್ತೀನಮ್ಮ," ಅಂದಳು. "ಹಳಿ ಖಾಲಿ ಇದೆ. ದಾಟು."

ವರ್ನಾಳ ಕಾಲು ಬ್ರೇಕಿನಿಂದ ಮೇಲೇಳಲಿಲ್ಲ. ಹಿಂದಿನಿಂದ ಮುದುಕ ಅವಳ ಹೆಗಲ ಮೇಲೆ ಕೈಯಿಟ್ಟ.

"ಅವಸರವೇನಿಲ್ಲ ತಾಯಿ," ಅಂದ. "ಹಿಂದೆ ಯಾವ ಗಾಡೀನೂ ಇಲ್ಲ."