ಎದುರುದಾರರಿಲ್ಲದ ವಿಚಾರಣೆ

ಬರೆದು ಅಭ್ಯಾಸವಿಲ್ಲ, ಹೇಳುವುದು ಹಿಂದುಮುಂದಾದರೆ ಕ್ಷಮಿಸಿ. ಪುತ್ತೂರಿನಲ್ಲಿ ಸಹಾಯಕ ಆಯುಕ್ತನಾಗಿದ್ದಾಗ ನಾನು ಜಮೀನಿನ ತಕರಾರು ವಿಚಾರಿಸುತ್ತಿದ್ದೆ. ಎದುರುದಾರರನ್ನು, ಅಂದರೆ ಇನ್ನೊಂದು ಕಡೆಯವರನ್ನು, ಕೇಳದೆ ಆದೇಶ ಮಾಡುವಂತಿರಲಿಲ್ಲ. ಈಗ ಕುಲಪತಿ, ಇದು ಮೊದಲ ವಾರ. ಇವತ್ತು ಸುಳ್ಯದ ಕಾಲೇಜಿಗೆ ಬಂದಾಗ ಪರೀಕ್ಷೆ ಶುರುವಾಗಿತ್ತು. ಹುಡುಗಿಯೊಬ್ಬಳು ಓಡಿಬಂದಳು.

"ಸಾರ್, ಕೊಲ್ಲಮೊಗ್ರಿನಿಂದ ಬರುವ ಬಸ್ಸು ಕೆಟ್ಟಿತು. ತಡವಾಯ್ತು ಅಂತ ಒಳಗೆ ಬಿಡುದಿಲ್ಲ. ಇವತ್ತು ಬರೆಯದಿದ್ರೆ ನನ್ನ ಒಂದು ವರ್ಷ ಹೋಯ್ತು."

ಹಳೇ ಅಭ್ಯಾಸದಲ್ಲಿ ಕೇಳಿಬಿಟ್ಟೆ: "ಎದುರುದಾರರು ಬಂದಿದ್ದಾರಾ?"

"ಎದುರುದಾರರು ಎಂತ ಸಾರ್? ಪ್ರಶ್ನೆಪತ್ರಿಕೆ ಒಂದು ಉಂಟು. ಅದು ಒಳಗೆ ಉಂಟು."

ಅಂದರೆ ಯಾರನ್ನೂ ಕೇಳದೆ ಈಗಲೇ ತೀರ್ಮಾನಿಸಬಹುದು. ನೋಟಿಸಿಲ್ಲ, ವಾಯಿದೆಯಿಲ್ಲ! ನಾನೇ ಅವಳನ್ನು ಕರೆದೊಯ್ದು ಒಳಗೆ ಕೂರಿಸಿ ಬಂದೆ. ವಾಯಿದೆ ಎಂದರೆ ವಿಚಾರಣೆಯನ್ನು ಮುಂದಿನ ತಾರೀಕಿಗೆ... ತಾಳಿ, ಪ್ರಾಂಶುಪಾಲರು ಕರೆಯುತ್ತಿದ್ದಾರೆ. ಪರೀಕ್ಷೆಯ ಮೇಲ್ವಿಚಾರಕರು ಸಿಟ್ಟಿನಲ್ಲಿ ಬಂದಿದ್ದಾರಂತೆ. ಎದುರುದಾರರು ಹಾಜರು.