ಆಂಡರ್ಸನ್‌ಗಳ ಅಪ್ಪ ಯಾರು?

ಕೋವಿಡ್ ಅಡಗಿದ ಮರುವರ್ಷ. ಕುವೈತ್‌ನ ಜಾಬ್ರಿಯಾದ ಒಂದು ಖಾಸಗಿ ಆಸ್ಪತ್ರೆಯ ಹೆರಿಗೆ ವಿಭಾಗದಲ್ಲಿ ನಾನು ಆಯಾ ಆಗಿದ್ದೆ. ಓದು ಮೂರನೇ ಕ್ಲಾಸಿಗೆ ನಿಂತದ್ದು. ಮಂಚ ತಳ್ಳಲು ಅಷ್ಟು ಸಾಕು.

ಸ್ವೀಡನ್ ದೇಶದ ಲೇನಾ ಆಂಡರ್ಸನ್ ಎಂಬ ಹುಡುಗಿಗೆ ಚೊಚ್ಚಲ ಹೆರಿಗೆ. ಮಗುವಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಸಿಸೇರಿಯನ್ ಆಗಬೇಕು ಎಂದರು ಡಾಕ್ಟರು. ಗಂಡ ಕೆಲಸದ ಮೇಲೆ ಬೇರೆ ದೇಶಕ್ಕೆ ಹೋಗಿದ್ದ. ಏರ್‌ಪೋರ್ಟಿನಿಂದ ಬರುತ್ತಿದ್ದ ಅಪ್ಪನ ಮುಖ ನೋಡದೆ ಸಹಿ ಹಾಕುವುದಿಲ್ಲ ಎಂದು ಅವಳ ಹಟ. ಹಟ ಮಾಡುವ ಹೊತ್ತಲ್ಲ ಇದು ಎಂದು ಬೈದೆ. ಕೇಳಲಿಲ್ಲ.

ಅಪ್ಪ ಆಗಲೇ ಬಂದು ಬಾಗಿಲ ಹೊರಗೆ ನಿಂತಿದ್ದರು. ಕಾವಲಿನ ಹಮೀದ್ ಒಳಗೆ ಬಿಡುತ್ತಿರಲಿಲ್ಲ. ಗಂಡ, ತಂದೆ, ತಾಯಿಗೆ ಮಾತ್ರ ಪ್ರವೇಶ ಎಂಬುದು ನಿಯಮ. ಹಮೀದ್ ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ. ಇಲ್ಲಿನ ಸಂತೆಪೇಟೆ ಸೂಕ್‌ನ ಅಂಗಡಿ ಬಿಟ್ಟು ಈ ಕೆಲಸಕ್ಕೆ ಹೊಸದಾಗಿ ಸೇರಿದ್ದ. ಅವರ ಮನೆಯಲ್ಲಿ, ಇಲ್ಲಿನ ಅರಬರಲ್ಲೂ, ಸ್ವಂತ ಹೆಸರಿನ ಬೆನ್ನಿಗೇ ತಂದೆಯ ಹೆಸರು. ಹಮೀದ್ ಇಬ್ರಾಹಿಂ ಎಂದರೆ ಇಬ್ರಾಹಿಮರ ಮಗ. ಮುದುಕರ ಪಾಸ್‌ಪೋರ್ಟಿನಲ್ಲಿ ಗುಸ್ತಾವ್ ಆಂಡರ್ಸನ್ ಎಂದಿತ್ತು.

“ಇಬ್ಬರ ತಂದೆಯೂ ಆಂಡರ್ಸನ್ ಅಲ್ವಾ ಬಾಯಮ್ಮ? ಇವರು ಅಣ್ಣ. ಅಣ್ಣನನ್ನು ಬಿಡಲಿಕ್ಕಿಲ್ಲ” ಎಂದ ನನಗೆ.

“ಎಪ್ಪತ್ತರ ಅಣ್ಣನಾ ಮಾರಾಯ?”

“ಎಂತ ಆಗುದು? ನನ್ನ ದೊಡ್ಡಣ್ಣನಿಗೂ ನನಗೂ ಮೂವತ್ತು ವರ್ಷ ಅಂತರ. ನಮ್ಮ ಬಾಪನಿಗೆ ಎರಡು ಮದುವೆ.”

ವಾದಿಸುವ ಹೊತ್ತಿರಲಿಲ್ಲ. ಲೇನಾಳ ಮಂಚವನ್ನೇ ಬಾಗಿಲಿಗೆ ತಳ್ಳಿಕೊಂಡು ಬಂದೆ.

“ಇವರು ಏನಾಗಬೇಕು ಅಂತ ಅವಳನ್ನೇ ಕೇಳು.”

ಕೇಳುವ ಮೊದಲೇ ಅವಳು “ಪಪ್ಪಾ” ಅಂದಳು. ಹಮೀದ್ ಪಕ್ಕಕ್ಕೆ ಸರಿದ. ಅಪ್ಪ ತಲೆ ಸವರಿದರು, ಅವಳು ಸಹಿ ಹಾಕಿದಳು, ನಾನು ಮಂಚವನ್ನು ಥಿಯೇಟರಿಗೆ ಓಡಿಸಿದೆ.

ಹೊರಗೆ ಬೆಂಚಿನಲ್ಲಿ ಕಾಯುತ್ತಾ ಮುದುಕರು ಸುಲಭದ ಇಂಗ್ಲಿಷಿನಲ್ಲಿ ಬಿಡಿಸಿ ಹೇಳಿದರು. ಆಂಡರ್ಸನ್ ಎಂದರೆ ಆಂಡರ್ಸ್ ಎಂಬವನ ಮಗ. ಹಿಂದೆ ಅವರಲ್ಲೂ ಅದು ತಲೆಮಾರಿಗೊಮ್ಮೆ ಬದಲಾಗುತ್ತಿತ್ತು. ಹೆಣ್ಣಾದರೆ ಮಗಳು ಎಂದೇ ಸೇರಿಸುತ್ತಿದ್ದರು. ಆಮೇಲೆ ಯಾರಿಗೆ ಯಾವುದಿತ್ತೋ ಅದೇ ಮನೆತನದ ಹೆಸರಾಗಿ ನಿಂತುಬಿಟ್ಟಿತು. ಆ ಆಂಡರ್ಸ್ ಯಾರೆಂದು ಹಮೀದ್ ಕೇಳಿದ. ಮುತ್ತಜ್ಜನ ಅಪ್ಪ, ಬೇಸಾಯಗಾರ. ಅದರಾಚೆ ಅವರಿಗೂ ಏನೂ ಗೊತ್ತಿರಲಿಲ್ಲ. ನನ್ನ ಹೆಸರಿನ ಬಾಲದಲ್ಲೂ ಡಿಸೋಜ ಎಂದಿದೆ. ಮೊದಲ ಡಿಸೋಜ ಯಾರು? ಯಾರೋ. ಅವನ ಹೆಸರು ಹೊತ್ತುಕೊಂಡೇ ಎರಡು ದೇಶದಲ್ಲಿ ಬದುಕಿದ್ದೇನೆ.

ಹೆಣ್ಣು ಮಗು ಹುಟ್ಟಿತು, ಜೋರಾಗಿ ಅತ್ತಿತು.

“ಹಾಗಾದರೆ ಇವಳೂ ಆಂಡರ್ಸ್‌ನ ಮಗನಾ?” ಎಂದ ಹಮೀದ್. ಮುದುಕರು ಆಗ ನಕ್ಕರು.

ಕೆಲಸ ಬಿಡುವ ತನಕ ಬಾಗಿಲ ಕಾವಲಿಗೆ ಬಂದ ಪ್ರತಿ ಹೊಸಬನಿಗೂ ಇದನ್ನೇ ಹೇಳಿದ್ದೇನೆ: ಸತ್ತವನ ಹೆಸರು ಕಾಗದದಲ್ಲಿ ಇರಲಿ. ಮಂಚದ ಮೇಲಿರುವವರಿಗೆ ಬಾಯಿ ಇದೆ, ಮೊದಲು ಅವರನ್ನು ಕೇಳು.